1954ರಲ್ಲಿ ಮೈಲಾರ ಯಾವ ರಾಜ್ಯದಲ್ಲಿತ್ತು?

1954ರ ಭರತ ಹುಣ್ಣಿಮೆ. ಮೈಲಾರಲಿಂಗನ ಕಾರ್ಣಿಕ ಕೇಳಲು ಹಾವೇರಿ ಕಡೆಯ ಭಕ್ತನೊಬ್ಬ ತುಂಗಭದ್ರೆ ದಾಟಿ ಬಂದ ಎಂದುಕೊಳ್ಳೋಣ. ಅವನು ಯಾವ ರಾಜ್ಯದಿಂದ ಯಾವ ರಾಜ್ಯಕ್ಕೆ ಬಂದ? ಹತ್ತನೇ ತರಗತಿಯ ಮಕ್ಕಳಿಗೆ ಕೇಳಬೇಕಾದ ಇತಿಹಾಸದ ಪ್ರಶ್ನೆ ಇದು. ಸರಿಯುತ್ತರ: ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ. ಆದರೆ ಪ್ರಶ್ನೆಯ ಸೊಗಸಿರುವುದು ತಪ್ಪು ಉತ್ತರಗಳಲ್ಲಿ. ‘ಎರಡೂ ದಡ ಕರ್ನಾಟಕ’ ಎಂದ ಮಗು, 1973ರಲ್ಲಿ ಬಂದ ಹೆಸರನ್ನು ಹಿಂದಿನ ಕಾಲಕ್ಕೂ ಅಂಟಿಸಿದೆ. ‘ಮೈಲಾರ ಮದ್ರಾಸಿನದು’ ಎಂದರೆ, 1953ರ ಅಕ್ಟೋಬರ್ 1ರಂದು, ಆಂಧ್ರ ರಾಜ್ಯ ಹುಟ್ಟಿದ ದಿನವೇ, ಮೈಲಾರವಿರುವ ಹಡಗಲಿ ಸೀಮೆ ಮೈಸೂರಿಗೆ ಸೇರಿದ್ದು ಗೊತ್ತಿಲ್ಲ. ‘ಎರಡೂ ಮೈಸೂರು’ ಎಂದರೆ, 1956ರ ನವೆಂಬರ್ 1 ಇನ್ನೂ ಬಂದಿರಲಿಲ್ಲ ಎಂಬುದು ಹೊಳೆದಿಲ್ಲ. ಈ ಮೂವರಿಗೂ ಮೇಷ್ಟ್ರು ಬೇರೆ ಬೇರೆ ಪಾಠ ಹೇಳಬೇಕು. ‘ಏಕೀಕರಣವಾದದ್ದು ಯಾವ ಇಸವಿಯಲ್ಲಿ?’ ಎಂದಷ್ಟೇ ಕೇಳಿದರೆ ಮೂವರೂ ಪೂರ್ತಿ ಅಂಕ ಪಡೆದಾರು.

ಕಾಲಾನುಕ್ರಮದ ತಿಳಿವಳಿಕೆ ಎಂದರೆ ಘಟನೆಗಳನ್ನು ಸಾಲಾಗಿ ಜೋಡಿಸುವುದಷ್ಟೇ ಅಲ್ಲ. ಒಂದು ಸ್ಥಿತಿ ಎಷ್ಟು ಕಾಲ ಉಳಿಯಿತು, ಅದೇ ಹೊತ್ತಿಗೆ ಪಕ್ಕದಲ್ಲಿ ಏನಿತ್ತು ಎಂಬುದೂ ಅದರೊಳಗೆ ಬರುತ್ತದೆ. 1800ರಲ್ಲಿ ನಿಜಾಮನಿಂದ ಕಂಪನಿಗೆ ಹೋದ ಈ ಸೀಮೆ ಒಂದೂವರೆ ಶತಮಾನ ಮದ್ರಾಸಿನ ಆಡಳಿತದಲ್ಲಿತ್ತು. ಮೈಸೂರಿಗೆ ಸೇರಿದ ಮೇಲೆ ಎದುರು ದಡ ಬೇರೆ ರಾಜ್ಯವಾಗಿ ಉಳಿದದ್ದು ಮೂರೇ ವರ್ಷ. ನೆರೆಯ ಹರಪನಹಳ್ಳಿಯನ್ನು ನೋಡಿ: 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಹಡಗಲಿ ಮಾತ್ರ 2021ರವರೆಗೂ ಬಳ್ಳಾರಿಯಲ್ಲೇ ಇತ್ತು. 2005ರಲ್ಲಿ ಈ ಎರಡು ತಾಲ್ಲೂಕುಗಳು ಒಂದೇ ಜಿಲ್ಲೆಯಲ್ಲಿದ್ದವೇ ಎಂದು ಕೇಳಿದರೆ, ಬಾಯಿಪಾಠವೊಂದೇ ಸಾಲದು, ಲೆಕ್ಕ ಹಾಕಬೇಕು.

ಇಸವಿ ನೆನಪಿಲ್ಲದೆ ಲೆಕ್ಕ ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದೇ. 1953, 1956, 1973 ಬಾಯಿಗೆ ಬರಲೇಬೇಕು. ಆದರೆ ಅವನ್ನು ಬಳಸಿ ಯೋಚಿಸುವಂತೆ ಮಾಡಿದಾಗಲೇ ಕಲಿಕೆ ಅಳತೆಗೆ ಸಿಗುತ್ತದೆ. ರಾಜ್ಯಮಟ್ಟದ ಪರೀಕ್ಷೆಯಲ್ಲಿ ಮೈಲಾರವನ್ನು ಕೇಳಿದರೆ ಬೀದರ್, ಮಂಗಳೂರಿನ ಮಕ್ಕಳಿಗೆ ಅನ್ಯಾಯವಲ್ಲವೇ ಎಂಬ ಆಕ್ಷೇಪಕ್ಕೂ ದಾರಿಯಿದೆ: ಬೇಕಾದ ಸಂಗತಿಗಳನ್ನು ಪ್ರಶ್ನೆಯಲ್ಲೇ ಕೊಟ್ಟು, ತರ್ಕವನ್ನು ಮಾತ್ರ ಕೇಳಬಹುದು. ಊರಿನ ಪ್ರಶ್ನೆಗಳು ಶಾಲೆಯ ಕಿರುಪರೀಕ್ಷೆಗಳಲ್ಲಿರಲಿ. ಬೀದರ್ ನಿಜಾಮನ ಹೈದರಾಬಾದಿನಲ್ಲಿತ್ತು, ಮಂಗಳೂರು ಮದ್ರಾಸಿನಲ್ಲಿತ್ತು. ಅಲ್ಲಿನ ಮೇಷ್ಟ್ರಿಗೂ ಇಂಥ ಪ್ರಶ್ನೆಗಳಿಗೆ ಬರವಿಲ್ಲ. ಮೌಲ್ಯಮಾಪನಕ್ಕೆ ಸಮಯ ಹೆಚ್ಚು ಹಿಡಿಯುತ್ತದೆ, ನಿಜ. ಆದರೆ ಮಗು ಎಲ್ಲಿ ಎಡವಿತೆಂದು ತೋರಿಸದ ಅಂಕಪಟ್ಟಿಯಿಂದ ಮರುದಿನದ ಪಾಠಕ್ಕೆ ಯಾವ ಉಪಯೋಗವೂ ಇಲ್ಲ.