ಕೀಲುಕುದುರೆ ಏರಿ ಬಂದ ಎರಡನೇ ಆಲ್ಬಂ

ದಸರಾ ರಜೆಗೆಂದು ಬೆಂಗಳೂರಿನಿಂದ ಅರಸೀಕೆರೆಗೆ ಬಂದಿಳಿದ ಮೊಮ್ಮಗನ ಕಿವಿಯಲ್ಲಿ ಇಯರ್‌ಫೋನ್ ಇತ್ತು. ರಾತ್ರಿ ಊಟಕ್ಕೆ ಕೂತಾಗಲೂ ತೆಗೆಯಲಿಲ್ಲ. ಮೊಬೈಲಿನಲ್ಲಿ ಬಣ್ಣಬಣ್ಣದ ಬಟ್ಟೆ ತೊಟ್ಟ ಹುಡುಗರು ಕುಣಿಯುತ್ತಿದ್ದರು. “ವೇಷ ಹಾಕಿದವರಿಗೆಲ್ಲ ಹಾಡು ಬರುತ್ತೇನೋ?” ಎಂದುಬಿಟ್ಟೆ. ಹುಡುಗ ಮೊಬೈಲು ಮಡಗಿ, ಅರ್ಧ ಊಟ ಬಿಟ್ಟು ಎದ್ದುಹೋದ.

ಆಮೇಲೆ ನನಗೆ ನಿದ್ದೆ ಬರಲಿಲ್ಲ. ಅದು ನನ್ನ ಮಾತೇ ಅಲ್ಲ, ನಮ್ಮಪ್ಪನ ಮಾತು. ಹತ್ತು ವರ್ಷದವನಿದ್ದಾಗ ಜಾತ್ರೆಯಲ್ಲಿ ಕೀಲುಕುದುರೆ ನೋಡಿ, ನಾನೂ ಸೊಂಟಕ್ಕೆ ಬಿದಿರಿನ ಕುದುರೆ ಕಟ್ಟಿ ಕುಣಿಯುತ್ತೇನೆ ಎಂದಿದ್ದೆ. ಆಗ ಅಪ್ಪ ಗದರಿದ್ದು ಹೀಗೆಯೇ.

ಬೆಳಿಗ್ಗೆ ಅವನನ್ನು ಬೇಲೂರಿನ ಬಸ್ಸು ಹತ್ತಿಸಿದೆ. ಪಕ್ಕದಲ್ಲಿ ಕೂತು, “ಯಾರಪ್ಪಾ ಅವರು?” ಎಂದು ಕೇಳಿದೆ. ಸ್ವಲ್ಪ ಹೊತ್ತು ಬಿಗುಮಾನ ಮಾಡಿದ, ಆಮೇಲೆ ಬಾಯಿಬಿಟ್ಟ.

1980ರ ದಶಕದಲ್ಲಿ ಅಮೆರಿಕದಲ್ಲಿ ‘ಗ್ಲಾಮ್ ಮೆಟಲ್’ ಎಂಬ ಸಂಗೀತ ಜೋರಾಗಿತ್ತಂತೆ. ಗಂಡುಹುಡುಗರೇ ಕೂದಲು ಉಬ್ಬಿಸಿ, ತುಟಿಗೆ ಬಣ್ಣ ಬಳಿದು, ಮಿರಿಮಿರಿ ಬಟ್ಟೆಯಲ್ಲಿ ಗಿಟಾರ್ ಬಾರಿಸುವುದು. ಲಾಸ್ ಏಂಜಲೀಸಿನ ‘ಮಾಟ್ಲಿ ಕ್ರೂ’ ಎಂಬ ತಂಡ 1981ರಲ್ಲಿ ಮೊದಲ ಆಲ್ಬಂ ತಂದರೂ ದೊಡ್ಡ ಹೆಸರು ಬಂದದ್ದು 1983ರ ಎರಡನೆಯದರಿಂದ. ಅದರ ಹೆಸರು ‘ಶೌಟ್ ಅಟ್ ದ ಡೆವಿಲ್’, ಅಂದರೆ ದೆವ್ವಕ್ಕೇ ಗದರುವುದು! ಕೇಳಿದ್ದರೆ ನಮ್ಮ ಮನೆಯಾಕೆ ದೇವರ ಮುಂದೆ ಇನ್ನೊಂದು ದೀಪ ಹಚ್ಚುತ್ತಿದ್ದಳು.

“ಎರಡನೇ ಆಲ್ಬಮ್ಮೇ ಕಷ್ಟ ತಾತ. ಮೊದಲನೆಯದಕ್ಕೆ ಎಷ್ಟೋ ವರ್ಷದ ಹಾಡು ಕೂಡಿಟ್ಟಿರ್ತಾರೆ. ಎರಡನೆಯದಕ್ಕೆ ಹೊಸದಾಗಿ ಹುಟ್ಟಿಸಬೇಕು. ಎಲ್ಲರೂ ಕಾಯ್ತಾ ಇರ್ತಾರೆ.”

ಅವನು ಕೇಳುತ್ತಿದ್ದದ್ದು ಬೆಂಗಳೂರಿನ ‘ಸ್ವರಾತ್ಮ’ ತಂಡವನ್ನು. ಇವರದು ಮೆಟಲ್ ಅಲ್ಲ, ಜಾನಪದ ಬೆರೆತ ರಾಕ್. ಗಿಟಾರ್, ಡ್ರಮ್ಸ್ ಜೊತೆಗೆ ಪಿಟೀಲೂ ಉಂಟು. 2009ರಲ್ಲಿ ಮೊದಲ ಆಲ್ಬಂ ಬಂತು. 2012ರ ಎರಡನೆಯದು ‘ಟೋಪಿವಾಲೆ’. ಹಿಂದಿ ಸಿನಿಮಾಗಳ ಶಂಕರ್-ಎಹಸಾನ್-ಲಾಯ್ ಮೂವರಲ್ಲಿ ಲಾಯ್ ಮೆಂಡೋನ್ಸಾ ಅದರ ನಿರ್ಮಾಪಕರು. ಹೆಸರಿನ ಹಾಡು ಜನರಿಗೆ ಟೋಪಿ ಹಾಕುವ ರಾಜಕಾರಣಿಗಳ ಮೇಲೆ. ನಾವು ಕನ್ನಡದಲ್ಲಿ ಹಾಕುವ ಟೋಪಿಯನ್ನೇ ಹಿಂದಿಯವರೂ ಹಾಕುತ್ತಾರೆ ನೋಡಿ!

“ಹಾಡೋರು ವಾಸು ದೀಕ್ಷಿತ್. ಸ್ಟೇಜಿನ ಮೇಲೆ ಕುದುರೆ ಕಟ್ಕೊಂಡು ಕುಣೀತಾರೆ” ಎಂದು ಮೊಬೈಲು ತೋರಿಸಿದ.

ನೋಡಿದೆ. ಸೊಂಟದ ಸುತ್ತ ಕುದುರೆ! ನಾನು ಕಟ್ಟಲಾಗದೆ ಹೋದ ಕುದುರೆ. ಏನೂ ಮಾತಾಡಲಾಗದೆ ಕಿಟಕಿಯಾಚೆಗೆ ತೆಂಗಿನ ತೋಟ ನೋಡುತ್ತ ಕೂತೆ.

ಬೇಲೂರಿನಲ್ಲಿ ಕನ್ನಡಿ ಹಿಡಿದ ಮದನಿಕೆ, ವಾದ್ಯ ನುಡಿಸುವ ಮದನಿಕೆಯರು, ಅವರ ಜಡೆ, ಕಿವಿಯೋಲೆಗಳನ್ನೆಲ್ಲ ಕತ್ತೆತ್ತಿ ನೋಡಿ, “ಇವರದೂ ಗ್ಲಾಮೇ ಅಲ್ವಾ ತಾತ?” ಎಂದ. ನಕ್ಕುಬಿಟ್ಟೆ.

ಅಲ್ಲಿಂದ ಹಳೇಬೀಡು ಹದಿನಾರು ಕಿಲೋಮೀಟರ್. ಬೇಲೂರಿನ ಗುಡಿ ವಿಷ್ಣುವರ್ಧನನ ಕಾಲದ್ದು, 1117ರದು. ಹೊಯ್ಸಳೇಶ್ವರ ಶುರುವಾದದ್ದು 1121ರ ಹೊತ್ತಿಗೆ. “ಹಾಗಾದ್ರೆ ಇದು ಎರಡನೇ ಆಲ್ಬಂ!” ಎಂದು ಹುಡುಗ ಕುಣಿದ. ಇತಿಹಾಸದ ಮೇಷ್ಟರು ಒಪ್ಪುತ್ತಾರೋ ಇಲ್ಲವೋ, ನನಗಂತೂ ಸರಿಯೆನಿಸಿತು. ಗೋಡೆಯ ಕೆಳಸಾಲಿನಲ್ಲಿ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಅದಕ್ಕೂ ಮೇಲೆ ಕುದುರೆ ಸವಾರರ ಸಾಲು. ಅದರ ಮುಂದೆ ನಿಂತು ನನ್ನ ಜಾತ್ರೆಯ ಕಥೆ ಹೇಳಿದೆ. ನಿನ್ನೆಯ ಮಾತು ತಪ್ಪು ಎಂದೂ ಹೇಳಿದೆ.

ಮೊಮ್ಮಗ ಒಂದು ಇಯರ್‌ಫೋನ್ ಬಿಚ್ಚಿ ನನ್ನ ಕಿವಿಗಿಟ್ಟ. ಡ್ರಮ್ಸ್ ಕೊಂಚ ಜಾಸ್ತಿಯೇ. ಪಿಟೀಲು ಹಿಡಿಸಿತು.

ಬೇಸಿಗೆ ರಜೆಗೆ ಬರುವಷ್ಟರಲ್ಲಿ ಬಿದಿರಿನ ದಬ್ಬೆ ತರಿಸಿಡಬೇಕೆಂದು ಹೇಳಿ ರೈಲು ಹತ್ತಿದ್ದಾನೆ. ಮೇದರ ಕೇರಿಯಲ್ಲಿ ವಿಚಾರಿಸಿ ಬಂದಿದ್ದೇನೆ. “ಎಷ್ಟು ಕುದುರೆಗೆ ಸ್ವಾಮೀ?” ಎಂದರು. ಎರಡು ಎಂದೆ.