ಟಾರ್ಚಿನ ಬೆಳಕು ಎಷ್ಟು ದೂರ ಹೋಗುತ್ತದೆ?

ಬೆಳಕಿನ ಪಯಣಕ್ಕೆ ತನ್ನಷ್ಟಕ್ಕೆ ಕೊನೆಯೆಂಬುದಿಲ್ಲ. ಆಕಾಶದತ್ತ ಹಿಡಿದ ಟಾರ್ಚಿನ ಕಿರಣವು, ನಡುವೆ ತಡೆಯುವ ವಸ್ತು ಎದುರಾಗದಿದ್ದರೆ, ಮುಂದೆ ಮುಂದೆ ಹೋಗುತ್ತಲೇ ಇರುತ್ತದೆ. ಹೀಗಿರುವಲ್ಲಿ, ‘ಈ ಟಾರ್ಚಿನ ಬೆಳಕು ೫೦೦ ಮೀಟರ್ ದೂರ ಹೋಗುತ್ತದೆ’ ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಮಾತಿಗೆ ಅರ್ಥವೇನು? ೫೦೧ನೆಯ ಮೀಟರಿನಲ್ಲಿ ಬೆಳಕು ಥಟ್ಟನೆ ನಿಂತುಬಿಡುವುದೇ? ಪಕ್ಕದಲ್ಲಿಯೇ ಇರುವ, ಅಷ್ಟೇ ಬೆಲೆಯ ಇನ್ನೊಂದು ಟಾರ್ಚು ‘ಒಂದು ಕಿಲೊಮೀಟರ್’ ಎನ್ನುತ್ತಿದ್ದರೆ, ಅದು ಇದರ ಎರಡರಷ್ಟು ಉತ್ತಮವೆಂದು ತಿಳಿಯಬಹುದೇ?

ಇನ್ನೂರು ಮುನ್ನೂರು ರೂಪಾಯಿಗೆ ದೊರೆಯುವ ಎಲ್‌ಇಡಿ ಟಾರ್ಚುಗಳು ಇಂದು ಸಂತೆ ಜಾತ್ರೆಗಳಲ್ಲಿಯೂ ಮಾರಾಟವಾಗುತ್ತವೆ. ರಾತ್ರಿ ಪಾಳಿಯಲ್ಲಿ ವಿದ್ಯುತ್ತು ಬಂದಾಗ ಪಂಪುಸೆಟ್ಟು ಹಾಕಲು ಹೊಲಕ್ಕೆ ಹೋಗುವ ರೈತನಿಗೆ, ಕತ್ತಲಿರುವಾಗಲೇ ಕಾಫಿ ತೋಟದ ಹಾದಿ ಹಿಡಿಯುವ ಕೂಲಿಕಾರರಿಗೆ ಈ ಅಗ್ಗದ ದೀಪವೇ ಕಣ್ಣು. ಬದುವಿನ ಮೇಲೆ ಮಲಗಿರುವ ಕೊಳಕುಮಂಡಲವಾಗಲಿ, ದೂರದಲ್ಲಿ ದಾರಿಗಡ್ಡವಾಗಿ ನಿಂತಿರುವ ಆನೆಯಾಗಲಿ ಸಕಾಲದಲ್ಲಿ ಕಾಣಿಸದಿದ್ದರೆ ಆಗುವ ನಷ್ಟ ರೂಪಾಯಿಗಳಲ್ಲಿ ಎಣಿಸತಕ್ಕದ್ದಲ್ಲ. ಆದುದರಿಂದ ಪೆಟ್ಟಿಗೆಯ ಮೇಲಿನ ಅಂಕಿಗಳ ಮರ್ಮವನ್ನು ಅರಿಯುವುದು ಅಗತ್ಯ.

ಮೂರು ಅಳತೆಗಳು

ದೀಪವೊಂದು ಸೂಸುವ ಒಟ್ಟು ಬೆಳಕನ್ನು ಲ್ಯೂಮೆನ್ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ದಿಕ್ಕಿನಲ್ಲಿ ಆ ಬೆಳಕು ಎಷ್ಟು ಸಾಂದ್ರವಾಗಿ ಹೊರಡುತ್ತದೆಂಬುದನ್ನು ತಿಳಿಸುವ ಮಾನ ಕ್ಯಾಂಡೆಲ. ಒಂದು ಮೇಣದ ಬತ್ತಿಯ ತೀವ್ರತೆ ಸುಮಾರಾಗಿ ಒಂದು ಕ್ಯಾಂಡೆಲ. ಹೊರಟ ಬೆಳಕು ವಸ್ತುವಿನ ಮೇಲೆ ಬಿದ್ದಾಗ ಅಲ್ಲಿ ಉಂಟಾಗುವ ಪ್ರಕಾಶವನ್ನು ಲಕ್ಸ್‌ಗಳಲ್ಲಿ ಹೇಳುತ್ತಾರೆ. ಕೈತೋಟಕ್ಕೆ ನೀರು ಬಿಡುವ ರಬ್ಬರ್ ಕೊಳವೆಯನ್ನು ನೆನೆದುಕೊಂಡರೆ ಈ ಭೇದ ಸುಲಭವಾಗಿ ತಿಳಿಯುತ್ತದೆ. ಕೊಳವೆಯಿಂದ ಬರುವ ಒಟ್ಟು ನೀರು ಲ್ಯೂಮೆನ್ನಿನಂತೆ; ಧಾರೆಯು ಚದರದೆ ಒಂದೇ ಕಡೆಗೆ ಹರಿಯುವ ಬಿಗಿ ಕ್ಯಾಂಡೆಲದಂತೆ; ಗಿಡದ ಬುಡಕ್ಕೆ ನಿಜವಾಗಿ ಬಿದ್ದ ನೀರು ಲಕ್ಸಿನಂತೆ. ನೀರು ಎಷ್ಟೇ ಹೆಚ್ಚಿದ್ದರೂ ಧಾರೆ ಚದರಿಹೋದರೆ ದೂರದ ಗಿಡಕ್ಕೆ ಅದು ತಲಪದು.

ಕಿರಣಗಳು ಮುಂದುವರಿದಂತೆ ಅಗಲವಾಗುತ್ತವೆ. ದೂರ ಎರಡರಷ್ಟಾದಾಗ ಅದೇ ಬೆಳಕು ನಾಲ್ಕರಷ್ಟು ಜಾಗವನ್ನು ಬೆಳಗಬೇಕಾಗುತ್ತದೆ. ಆದುದರಿಂದ ಪ್ರಕಾಶವು ಕಾಲು ಭಾಗಕ್ಕೆ ಇಳಿಯುತ್ತದೆ. ದೂರ ಮೂರರಷ್ಟಾದರೆ ಒಂಬತ್ತರಲ್ಲೊಂದು ಭಾಗ ಉಳಿಯುತ್ತದೆ. ಇದೇ ವಿಲೋಮವರ್ಗ ನಿಯಮ. ಇದರ ಫಲವನ್ನು ವಾಚಕರು ಚೆನ್ನಾಗಿ ಗಮನಿಸಬೇಕು: ಟಾರ್ಚಿನ ದೂರವನ್ನು ಎರಡರಷ್ಟು ಮಾಡಬೇಕಾದರೆ ಕಿರಣದ ತೀವ್ರತೆಯನ್ನು ನಾಲ್ಕರಷ್ಟು ಮಾಡಬೇಕು.

ಬೆಳದಿಂಗಳೇ ಗಡಿ

ಬೆಳಕಿಗೆ ಕೊನೆಯಿಲ್ಲದಿದ್ದರೂ ವ್ಯವಹಾರಕ್ಕೆ ಒಂದು ಗಡಿ ಬೇಕಷ್ಟೆ. ೨೦೦೯ರಲ್ಲಿ ಅಮೆರಿಕದಲ್ಲಿ ‘ಎಫ್‌ಎಲ್ ೧’ ಎಂಬ ಮಾನಕವನ್ನು ರೂಪಿಸಿದರು. ಅದರ ಪ್ರಕಾರ, ಕಿರಣದ ನಡುಭಾಗದ ಪ್ರಕಾಶವು ೦.೨೫ ಲಕ್ಸಿಗೆ ಇಳಿಯುವ ದೂರವೇ ಟಾರ್ಚಿನ ‘ಕಿರಣದೂರ’. ಮೋಡವಿಲ್ಲದ ಹುಣ್ಣಿಮೆಯ ರಾತ್ರಿ ಬಯಲಿನಲ್ಲಿ ಬೀಳುವ ಬೆಳಕು ಹೆಚ್ಚುಕಡಿಮೆ ಇಷ್ಟೇ. ಈ ಕಿರಣದೂರವನ್ನು ಲೆಕ್ಕ ಮಾಡುವುದು ಸುಲಭ: ಕ್ಯಾಂಡೆಲಗಳ ವರ್ಗಮೂಲವನ್ನು ಕಂಡು, ಅದನ್ನು ಎರಡರಿಂದ ಗುಣಿಸಿದರೆ ಮೀಟರುಗಳಲ್ಲಿ ಉತ್ತರ ಬರುತ್ತದೆ. ೨,೫೦೦ ಕ್ಯಾಂಡೆಲದ ಟಾರ್ಚಿಗೆ ೧೦೦ ಮೀಟರ್. ೧೦,೦೦೦ ಕ್ಯಾಂಡೆಲಕ್ಕೆ ೨೦೦ ಮೀಟರ್. ಒಂದು ಕಿಲೊಮೀಟರಿಗೆ ಬೇಕಾದುದು ೨,೫೦,೦೦೦ ಕ್ಯಾಂಡೆಲ.

ಆದರೆ ಬೆಳದಿಂಗಳಿನಲ್ಲಿ ನಮಗೆ ಏನು ಕಾಣುತ್ತದೆ? ಬಿಳಿಯ ಗೋಡೆ, ಮರದ ಆಕಾರ, ನಿಂತ ಎತ್ತು ಕಾಣಬಹುದು. ಒಣಗಿದ ಎಲೆಗಳ ನಡುವೆ ಅದೇ ಬಣ್ಣದ ಹಾವು ಸುತ್ತಿಕೊಂಡು ಮಲಗಿದ್ದರೆ ಕಾಣುವುದು ದುರ್ಲಭ. ಆದುದರಿಂದ ಪೆಟ್ಟಿಗೆಯ ಮೇಲಿನ ದೂರವು ನಿಜವಾದುದೇ ಆಗಿದ್ದರೂ, ವಸ್ತುವನ್ನು ಗುರುತಿಸಲು ಅದರ ಅರ್ಧ ಅಥವಾ ಕಾಲು ಭಾಗವನ್ನೇ ನಂಬಬೇಕು. ಅರ್ಧ ದೂರದಲ್ಲಿ ಪ್ರಕಾಶ ೧ ಲಕ್ಸ್. ಕಾಲು ದೂರದಲ್ಲಿ ೪ ಲಕ್ಸ್.

ಕನ್ನಡಿ ದೊಡ್ಡದೋ, ದೀಪ ದೊಡ್ಡದೋ?

ಹಳೆಯ ಎರಡು ಸೆಲ್ಲಿನ ಟಾರ್ಚಿನ ಬಲ್ಬು ಹತ್ತು ಹದಿನೈದು ಲ್ಯೂಮೆನ್ನುಗಳಷ್ಟೇ ಬೆಳಕನ್ನು ಕೊಡುತ್ತಿತ್ತು. ಆದರೂ ಅದರ ಕಿರಣ ಹೊಲದ ಆಚೆಯ ಬೇಲಿಯನ್ನು ಮುಟ್ಟುತ್ತಿತ್ತು. ಇಂದಿನ ಕೆಲವು ಟಾರ್ಚುಗಳಲ್ಲಿ ಅದರ ಹತ್ತರಷ್ಟು ಬೆಳಕಿದ್ದರೂ ಅಂಗಳವನ್ನು ದಾಟಲು ತಡವರಿಸುತ್ತವೆ. ಈ ವಿಚಿತ್ರಕ್ಕೆ ಕಾರಣ ಟಾರ್ಚಿನ ಕನ್ನಡಿ ಮತ್ತು ದೀಪದ ಗಾತ್ರಗಳ ಸಂಬಂಧದಲ್ಲಿದೆ.

ಟಾರ್ಚಿನ ಕನ್ನಡಿಯ ಆಕಾರ ಪರವಲಯ. ಅದರ ನಾಭಿಯಲ್ಲಿ ಒಂದು ಬಿಂದುವಿನಿಂದ ಬೆಳಕು ಹೊರಟರೆ, ಕನ್ನಡಿಗೆ ತಾಗಿದ ಕಿರಣಗಳೆಲ್ಲ ಪರಸ್ಪರ ಸಮಾನಾಂತರವಾಗಿ ಹೊರಬೀಳುತ್ತವೆ. ಆದರೆ ಯಾವ ದೀಪವೂ ಬಿಂದುವಲ್ಲ. ಎಲ್‌ಇಡಿಯಲ್ಲಿ ಬೆಳಕು ಹುಟ್ಟುವುದು ಒಂದು ಚಿಕ್ಕ ಬಿಲ್ಲೆಯಲ್ಲಿ. ಬಿಲ್ಲೆ ಸೂಸುವ ನೀಲಿ ಬೆಳಕಿನ ಒಂದಂಶವನ್ನು ಅದರ ಮೇಲಿನ ಹಳದಿ ಲೇಪ ಹೀರಿಕೊಂಡು ಹಳದಿ ಬೆಳಕಾಗಿ ಬಿಡುತ್ತದೆ. ಎರಡೂ ಬೆರೆತು ನಮ್ಮ ಕಣ್ಣಿಗೆ ಬಿಳುಪಾಗಿ ತೋರುತ್ತದೆ. ಸಮರ್ಥವಾದ ನೀಲಿ ಎಲ್‌ಇಡಿಯನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರು ವಿಜ್ಞಾನಿಗಳಿಗೆ ೨೦೧೪ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು. ಈ ಬಿಲ್ಲೆ ದೊಡ್ಡದಾದಷ್ಟೂ, ಅದರ ಅಂಚಿನಿಂದ ಹೊರಟ ಕಿರಣಗಳು ನಾಭಿಯಿಂದ ದೂರವಾಗಿ, ಓರೆಯಾಗಿ ಚದರುತ್ತವೆ.

ಆದುದರಿಂದ ಕಿರಣದೂರವು ಒಟ್ಟು ಬೆಳಕನ್ನು ಮಾತ್ರ ಅವಲಂಬಿಸಿರುವುದಿಲ್ಲ. ಅದನ್ನು ನಿರ್ಧರಿಸುವವು ಎರಡು: ಬಿಲ್ಲೆಯ ಒಂದೊಂದು ಚದರ ಮಿಲಿಮೀಟರಿನಿಂದ ಹೊರಡುವ ಬೆಳಕು ಮತ್ತು ಕನ್ನಡಿಯ ಬಾಯಿಯ ವಿಸ್ತಾರ. ಒಂದು ಚದರ ಮಿಲಿಮೀಟರ್ ಬಿಲ್ಲೆಯಿಂದ ೧೦೦ ಲ್ಯೂಮೆನ್ ಬರುತ್ತದೆನ್ನೋಣ. ಯಾವ ನಷ್ಟವೂ ಇಲ್ಲದ ಆದರ್ಶ ಕನ್ನಡಿಯಾದರೆ, ಅದರ ವ್ಯಾಸದ ಪ್ರತಿ ಮಿಲಿಮೀಟರಿಗೂ ೧೦ ಮೀಟರ್ ಕಿರಣದೂರ ಲಭಿಸುತ್ತದೆಂದು ಗಣಿತ ತೋರಿಸುತ್ತದೆ. ೨೦ ಮಿಲಿಮೀಟರ್ ಕನ್ನಡಿಗೆ ೨೦೦ ಮೀಟರ್. ೪೦ಕ್ಕೆ ೪೦೦ ಮೀಟರ್. ಒಂದು ಕಿಲೊಮೀಟರಿಗೆ ೧೦ ಸೆಂಟಿಮೀಟರ್ ಅಗಲದ ಕನ್ನಡಿ ಬೇಕು. ಅದೇ ೧೦೦ ಲ್ಯೂಮೆನ್ ನಾಲ್ಕು ಚದರ ಮಿಲಿಮೀಟರ್ ಬಿಲ್ಲೆಯಿಂದ ಬಂದರೆ ದೂರ ಅರ್ಧಕ್ಕೆ ಇಳಿಯುತ್ತದೆ. ಹೆಚ್ಚು ಬೆಲೆಯ ಟಾರ್ಚುಗಳ ಬಿಲ್ಲೆಗಳು ಇದಕ್ಕಿಂತ ಪ್ರಖರವಾಗಿರುತ್ತವೆ, ನಿಜ. ಆದರೆ ಎರಡು ಬೆರಳಗಲದ ಬಾಯಿಯ ಅಗ್ಗದ ಟಾರ್ಚು ಒಂದು ಕಿಲೊಮೀಟರಿನ ಮಾತನಾಡಿದರೆ ಅದನ್ನು ನಂಬಲು ಕಾರಣವಿಲ್ಲ.

ಮುಂಭಾಗವನ್ನು ಹಿಂದಕ್ಕೂ ಮುಂದಕ್ಕೂ ಎಳೆಯಬಹುದಾದ ಟಾರ್ಚುಗಳಲ್ಲಿ ಕನ್ನಡಿಗೆ ಬದಲಾಗಿ ಮಸೂರವಿರುತ್ತದೆ. ಪೂರ್ತಿ ಮುಂದಕ್ಕೆ ಎಳೆದಾಗ ಗೋಡೆಯ ಮೇಲೆ ಒಂದು ಚೌಕವಾದ ಬೆಳಕು ಮೂಡುವುದನ್ನು ಅನೇಕರು ಕಂಡಿರಬಹುದು. ಅದು ಆ ಬಿಲ್ಲೆಯದೇ ಬಿಂಬ. ಈ ಸ್ಥಿತಿಯಲ್ಲಿ ದೂರ ಹೆಚ್ಚುತ್ತದೆ. ಆದರೆ ಪಕ್ಕಕ್ಕೆ ಹೊರಟ ಬೆಳಕು ಮಸೂರವನ್ನು ಮುಟ್ಟದೆ ಟಾರ್ಚಿನೊಳಗೇ ವ್ಯರ್ಥವಾಗುತ್ತದೆ. ನಡೆಯುವವನ ಕಾಲ ಬುಡದಲ್ಲಿ ಕತ್ತಲೆ ಉಳಿಯುತ್ತದೆ.

ಸೆಲ್ಲು ಹೇಳುವ ಸತ್ಯ

‘೧೦,೦೦೦ ಲ್ಯೂಮೆನ್’ ಎಂಬ ಘೋಷಣೆಯನ್ನು ಪರೀಕ್ಷಿಸಲು ಯಾವ ಉಪಕರಣವೂ ಬೇಡ. ಸಾಮಾನ್ಯ ಬಿಳಿ ಎಲ್‌ಇಡಿಯು ಒಂದು ವಾಟಿಗೆ ಸುಮಾರು ೧೦೦ ಲ್ಯೂಮೆನ್ ಕೊಡುತ್ತದೆ. ಆ ಲೆಕ್ಕದಲ್ಲಿ ೧೦,೦೦೦ ಲ್ಯೂಮೆನ್ನಿಗೆ ೧೦೦ ವಾಟು ಬೇಕು. ಟಾರ್ಚಿನಲ್ಲಿರುವ ಒಂದು ಲಿಥಿಯಂ ಸೆಲ್ಲು ೩.೭ ವೋಲ್ಟಿನದು, ೨.೫ ಆಂಪಿಯರ್-ಗಂಟೆಯ ಸಾಮರ್ಥ್ಯವಿದ್ದರೆ ಅದರೊಳಗಿನ ಶಕ್ತಿ ೯ ವಾಟ್-ಗಂಟೆಗಿಂತ ಸ್ವಲ್ಪ ಹೆಚ್ಚು. ೧೦೦ ವಾಟಿನಂತೆ ಖರ್ಚು ಮಾಡಿದರೆ ಅದು ಐದಾರು ನಿಮಿಷಗಳಲ್ಲಿ ಮುಗಿಯಬೇಕು. ಅಷ್ಟರಲ್ಲಿ ಟಾರ್ಚನ್ನು ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗಬೇಕು. ಅಂಥ ಟಾರ್ಚು ಗಂಟೆಗಟ್ಟಲೆ ತಣ್ಣಗೆ ಉರಿಯುತ್ತಿದ್ದರೆ ಅದರಲ್ಲಿ ೧೦,೦೦೦ ಲ್ಯೂಮೆನ್ ಇಲ್ಲವೆಂದೇ ಅರ್ಥ. ಅದೇ ಸೆಲ್ಲು ೧೦೦ ಲ್ಯೂಮೆನ್ ಬೆಳಕನ್ನು ಸುಮಾರು ಒಂಬತ್ತು ಗಂಟೆಗಳ ಕಾಲ ಕೊಡಬಲ್ಲದು.

ಎಣ್ಣೆಯ ಕಲೆಯ ಪರೀಕ್ಷೆ

ಎರಡು ಟಾರ್ಚುಗಳ ಕಿರಣದೂರವನ್ನು ಮನೆಯಲ್ಲಿಯೇ ಹೋಲಿಸುವ ಒಂದು ಸರಳ ವಿಧಾನವಿದೆ. ಇದು ಹತ್ತೊಂಬತ್ತನೆಯ ಶತಮಾನದ ಜರ್ಮನ್ ರಸಾಯನವಿಜ್ಞಾನಿ ಬುನ್ಸೆನ್ ಬಳಕೆಗೆ ತಂದುದು. ಒಂದು ಬಿಳಿಯ ಕಾಗದದ ನಡುವೆ ಕೊಬ್ಬರಿ ಎಣ್ಣೆಯ ಒಂದು ತೊಟ್ಟನ್ನು ಹಾಕಿ ಒರೆಸಿರಿ. ಕತ್ತಲೆಯ ಹಜಾರದಲ್ಲಿ ಎರಡು ಟಾರ್ಚುಗಳನ್ನು ಹತ್ತು ಮೀಟರ್ ಅಂತರದಲ್ಲಿ, ಒಂದೇ ಎತ್ತರದಲ್ಲಿ, ಎದುರುಬದುರಾಗಿ ಇರಿಸಿ, ನಡುವೆ ಕಾಗದವನ್ನು ಹಿಡಿಯಿರಿ. ಎರಡರ ಕಿರಣದ ನಡುಭಾಗವೂ ಕಲೆಯ ಮೇಲೆ ಬೀಳಬೇಕು. ದೀಪವನ್ನು ನೇರವಾಗಿ ದಿಟ್ಟಿಸಬಾರದು.

ಹೆಚ್ಚು ಬೆಳಕು ಬಿದ್ದಿರುವ ಬದಿಯಿಂದ ನೋಡಿದರೆ ಕಲೆ ಕಪ್ಪಾಗಿಯೂ, ಕಡಿಮೆ ಬೆಳಕಿನ ಬದಿಯಿಂದ ನೋಡಿದರೆ ಹೊಳಪಾಗಿಯೂ ಕಾಣುತ್ತದೆ. ಎರಡು ಬದಿಗಳಿಂದಲೂ ಕಲೆ ಒಂದೇ ತೆರನಾಗಿ ತೋರುವವರೆಗೆ ಕಾಗದವನ್ನು ಸರಿಸಿ, ಅಲ್ಲಿಂದ ಎರಡು ಟಾರ್ಚುಗಳಿಗೂ ಇರುವ ದೂರವನ್ನು ಅಳೆಯಿರಿ. ಅವುಗಳ ಕಿರಣದೂರಗಳ ಪ್ರಮಾಣವೂ ಅದೇ. ಮೊದಲನೆಯದು ೬ ಮೀಟರ್, ಎರಡನೆಯದು ೪ ಮೀಟರ್ ದೂರದಲ್ಲಿದ್ದರೆ, ಎರಡನೆಯದು ೧೦೦ ಮೀಟರ್ ಬೆಳಗುವಲ್ಲಿ ಮೊದಲನೆಯದು ೧೫೦ ಮೀಟರ್ ಬೆಳಗುತ್ತದೆ. ಹೊಸದಾಗಿ ಚಾರ್ಜು ಮಾಡಿ ಒಮ್ಮೆ, ಅರ್ಧ ಗಂಟೆ ಉರಿದ ಮೇಲೆ ಇನ್ನೊಮ್ಮೆ ಹೀಗೆ ನೋಡುವುದು ಮೇಲು. ಮಾನಕದ ಪ್ರಕಾರವೂ ಬೆಳಕನ್ನು ಅಳೆಯುವುದು ಹೊತ್ತಿಸಿದ ೩೦ ಸೆಕೆಂಡಿನಿಂದ ೨ ನಿಮಿಷದೊಳಗೆ; ಆಮೇಲೆ ಮಂಕಾಗುವುದು ಪೆಟ್ಟಿಗೆಯ ಮೇಲಿನ ಆ ಅಂಕಿಯಲ್ಲಿ ಕಾಣುವುದಿಲ್ಲ.

ಯಾವುದನ್ನು ಆರಿಸಬೇಕು?

ಆನೆಗಳು ಸಂಚರಿಸುವ ಕೊಡಗು, ಹಾಸನದ ತೋಟಗಳಲ್ಲಿ ದೂರದಿಂದಲೇ ಅಪಾಯವನ್ನು ಅರಿಯಬೇಕು. ಅಲ್ಲಿ ಕಿರಣದೂರಕ್ಕೆ ಬೆಲೆಯಿದೆ. ಹೊಲದ ಬದುವಿನ ಮಾತು ಬೇರೆ. ಕೊಳಕುಮಂಡಲ, ಕಟ್ಟುಹಾವುಗಳು ಹೆಚ್ಚಾಗಿ ರಾತ್ರಿ ಸಂಚರಿಸುವಂಥವು. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡತಕ್ಕದ್ದೆಂದು ಕರ್ನಾಟಕ ಸರ್ಕಾರ ೨೦೨೪ರಲ್ಲಿ ವಿಧಿಸಿತೆಂದರೆ ಸಮಸ್ಯೆಯ ಗಾತ್ರವನ್ನು ಊಹಿಸಬಹುದು. ಸಾಧಾರಣವಾಗಿ ನಡೆಯುವವನು ಐದು ಮೀಟರನ್ನು ನಾಲ್ಕು ಸೆಕೆಂಡುಗಳಲ್ಲಿ ಕ್ರಮಿಸುತ್ತಾನೆ. ಅವನಿಗೆ ಬೇಕಾದುದು ಆ ಐದು ಮೀಟರುಗಳಲ್ಲಿ, ದಾರಿಯ ಎರಡು ಬದಿಗಳಿಗೂ ಹರಡುವ ಸ್ಪಷ್ಟವಾದ ಬೆಳಕು. ಅದಕ್ಕೆ ನೂರು ಲ್ಯೂಮೆನ್ ಧಾರಾಳವಾಗಿ ಸಾಕು.

ಕನ್ನಡಿಯಿರುವ ಟಾರ್ಚಿನಲ್ಲಿ ಈ ಎರಡು ಗುಣಗಳೂ ತಕ್ಕಮಟ್ಟಿಗೆ ಕೂಡಿರುತ್ತವೆ. ಕನ್ನಡಿಗೆ ತಾಗಿದ ಬೆಳಕು ದೂರಕ್ಕೆ ಹೋಗುತ್ತದೆ. ತಾಗದೆ ನೇರವಾಗಿ ಹೊರಬಿದ್ದುದು ಸುತ್ತಲೂ ಹರಡಿ ಕಾಲ ಬುಡವನ್ನು ಬೆಳಗುತ್ತದೆ. ಮಸೂರದ ಟಾರ್ಚಾದರೆ ನಡೆಯುವಾಗ ಅದನ್ನು ಅಗಲವಾದ ಬೆಳಕಿಗೇ ಇಟ್ಟುಕೊಳ್ಳಬೇಕು. ಯಾವುದೇ ಆಗಲಿ, ಸೊಂಟದ ಮಟ್ಟದಲ್ಲಿ ಹಿಡಿಯುವುದು ಒಳ್ಳೆಯದು. ಆಗ ನೆಲದ ಮೇಲಿನ ವಸ್ತುಗಳ ನೆರಳು ಉದ್ದವಾಗಿ ಬಿದ್ದು ಅವು ಎದ್ದುಕಾಣುತ್ತವೆ. ಮಲೆನಾಡಿನ ಮಂಜಿನಲ್ಲಿಯೂ ಹನಿಗಳಿಂದ ಮರಳಿದ ಬೆಳಕು ಕಣ್ಣನ್ನು ಅಷ್ಟಾಗಿ ಕುಕ್ಕುವುದಿಲ್ಲ.

ಪೆಟ್ಟಿಗೆಯ ಮೇಲಿನ ಮೀಟರುಗಳು ಹೇಳುವುದು ಬೆಳದಿಂಗಳಿನಷ್ಟು ಬೆಳಕು ಎಲ್ಲಿಯವರೆಗೆ ಇರುವುದೆಂಬುದನ್ನು ಮಾತ್ರ. ಮುಂದಿನ ಹೆಜ್ಜೆಯನ್ನು ಎಲ್ಲಿ ಇಡಬೇಕೆಂಬುದನ್ನು ತೋರಿಸುವ ಬೆಳಕು ಇದೆಯೇ ಎಂಬುದನ್ನು ಕೊಳ್ಳುವವನೇ ಪರೀಕ್ಷಿಸಿ ತಿಳಿಯಬೇಕು.