ನಿಮಗಿದು ಗೊತ್ತೇ? ವಾದಕ್ಕೆ ಸವಾಲೆಸೆಯುವ ಇಂಗ್ಲಿಷ್ ನುಡಿಗಟ್ಟುಗಳು

ಇನ್ನೊಬ್ಬರ ಮಾತನ್ನು ಒರೆಗೆ ಹಚ್ಚಲು ನಾವು ಬಳಸುವ ಕೆಲವು ಇಂಗ್ಲಿಷ್ ನುಡಿಗಟ್ಟುಗಳು ಎಷ್ಟೋ ಸಲ ನಾವಂದುಕೊಂಡ ಅರ್ಥ ಕೊಡುವುದೇ ಇಲ್ಲ.

● 'ಬೆಗ್ಸ್ ದ ಕ್ವೆಶ್ಚನ್' ಎಂದರೆ 'ಪ್ರಶ್ನೆ ಏಳುತ್ತದೆ' ಎಂದಲ್ಲ; ಅದಕ್ಕೆ 'ರೈಸಸ್ ದ ಕ್ವೆಶ್ಚನ್' ಇದೆ. ಸಾಬೀತುಪಡಿಸಬೇಕಾದದ್ದನ್ನೇ ಆಧಾರವಾಗಿಟ್ಟುಕೊಂಡು ವಾದಿಸಿದರೆ ಅದು ಬೆಗ್ಗಿಂಗ್ ದ ಕ್ವೆಶ್ಚನ್. 'ಅವನು ಸುಳ್ಳು ಹೇಳುವವನಲ್ಲ, ಹಾಗಂತ ಅವನೇ ಹೇಳಿದ್ದಾನೆ' ಎಂಬಂಥ ವಾದ! ಈ ದೋಷವನ್ನು ಗುರುತಿಸಿದವನು ಅರಿಸ್ಟಾಟಲ್. ನಮ್ಮ ನ್ಯಾಯಸೂತ್ರ ಪಟ್ಟಿ ಮಾಡುವ ಐದು ಹೇತ್ವಾಭಾಸಗಳಲ್ಲಿ (ಹುಸಿ ಕಾರಣಗಳಲ್ಲಿ) 'ಸಾಧ್ಯಸಮ' ಇದಕ್ಕೆ ಹತ್ತಿರದ್ದು.

● 'ಎಕ್ಸೆಪ್ಶನ್ ಪ್ರೂವ್ಸ್ ದ ರೂಲ್' ಎಂಬುದು ವಿರುದ್ಧ ಉದಾಹರಣೆ ಸಿಕ್ಕಾಗ ಜಾರಿಕೊಳ್ಳುವ ಮಾತಲ್ಲ. ಅದು ಕಾನೂನಿನ ಸೂತ್ರ. 'ಭಾನುವಾರ ಪಾರ್ಕಿಂಗ್ ಉಚಿತ' ಎಂಬ ಫಲಕವಿದ್ದರೆ ಉಳಿದ ದಿನ ಶುಲ್ಕವಿದೆ ಎಂದೇ ಅರ್ಥ. ವಿನಾಯಿತಿಯನ್ನು ಹೆಸರಿಸಿದ್ದರಿಂದಲೇ ನಿಯಮ ಇರುವುದು ಗೊತ್ತಾಗುತ್ತದೆ. ಕ್ರಿ.ಪೂ. 56ರಲ್ಲಿ ರೋಮಿನ ಸಿಸೆರೊ, ಬಾಲ್ಬಸ್ ಎಂಬವನ ಪೌರತ್ವದ ಪರವಾಗಿ ವಾದಿಸುವಾಗ ಇದೇ ತರ್ಕ ಹೂಡಿದ್ದ.

● 'ಪ್ರೂಫ್ ಈಸ್ ಇನ್ ದ ಪುಡಿಂಗ್' ಎಂಬುದು ಬಾಲ ಕತ್ತರಿಸಿದ ಗಾದೆ. ಪೂರ್ಣ ರೂಪ: 'ದ ಪ್ರೂಫ್ ಆಫ್ ದ ಪುಡಿಂಗ್ ಈಸ್ ಇನ್ ದ ಈಟಿಂಗ್'. ಇಲ್ಲಿ ಪ್ರೂಫ್ ಎಂದರೆ ಪುರಾವೆಯಲ್ಲ, ಪರೀಕ್ಷೆ. ಆ ಕಾಲದ ಪುಡಿಂಗ್ ಸಿಹಿತಿಂಡಿಯೂ ಅಲ್ಲ. ಪ್ರಾಣಿಯ ಕರುಳಿಗೆ ಮಾಂಸ ತುಂಬಿ ಬೇಯಿಸಿದ್ದು. ಒಳಗೇನಿದೆ ಎಂಬುದು ತಿಂದವರಿಗೇ ಗೊತ್ತು!

● 'ಡೆವಿಲ್ಸ್ ಅಡ್ವೊಕೇಟ್' ದುಷ್ಟರ ವಕೀಲನಲ್ಲ. ತನಗೆ ಒಪ್ಪಿಗೆಯಿರಲಿ, ಇಲ್ಲದಿರಲಿ, ವಾದದ ಗಟ್ಟಿತನ ನೋಡಲೆಂದು ಎದುರು ನಿಲ್ಲುವವನು. ಸಂತ ಪದವಿಗೆ ಹೆಸರು ಬಂದಾಗ ಆಕ್ಷೇಪ ಎತ್ತಲೆಂದೇ ಕ್ಯಾಥೊಲಿಕ್ ಚರ್ಚಿನಲ್ಲಿ ಇಂಥ ಹುದ್ದೆಯಿತ್ತು. 1587ರಲ್ಲಿ ಪೋಪ್ ಐದನೇ ಸಿಕ್ಸ್ಟಸ್ ಅದನ್ನು ವಿಧಿವತ್ತಾಗಿ ಸ್ಥಾಪಿಸಿದರು. 1983ರಲ್ಲಿ ಎರಡನೇ ಜಾನ್ ಪಾಲ್ ಅದರ ಅಧಿಕಾರ ಮೊಟಕುಗೊಳಿಸಿದರು.

● 'ಗ್ರೇನ್ ಆಫ್ ಸಾಲ್ಟ್' ಸೇರಿಸಿ ಕೇಳು ಎಂದರೆ ಪೂರ್ತಿ ನಂಬಬೇಡ ಎಂದು. ಪೂರ್ತಿ ಸುಳ್ಳು ಎಂದಲ್ಲ. ಈ ಮಾತಿನ ಮೂಲ ಎನ್ನಲಾಗುವ, ರೋಮಿನ ಪ್ಲಿನಿ ಬರೆದಿಟ್ಟ ವಿಷಹಾರಿ ಮದ್ದಿನಲ್ಲಿ ಅಕ್ರೋಟು, ಅಂಜೂರದ ಜೊತೆ ಒಂದು ಹರಳು ಉಪ್ಪೂ ಇದೆ. ಬ್ರಿಟಿಷರು ಹೇಳುವುದು 'ಪಿಂಚ್ ಆಫ್ ಸಾಲ್ಟ್'.

● 'ಕಾಲ್ ದ ಬ್ಲಫ್' ಎಂದರೆ ಬರೀ 'ಸುಳ್ಳು' ಎಂದು ಕೂಗುವುದಲ್ಲ. ಪೋಕರ್ ಆಟದಲ್ಲಿ ಎದುರಾಳಿ ಕಟ್ಟಿದಷ್ಟೇ ಪಣ ತಾನೂ ಕಟ್ಟಿ ಎಲೆ ತೋರಿಸುವಂತೆ ಮಾಡುವುದು. 'ಮಾಡ್ತೀನಿ' ಎಂದವನಿಗೆ 'ಸರಿ, ಮಾಡಿ ತೋರಿಸು' ಎಂದರೆ ಅದು ಸರಿಯಾದ ಬಳಕೆ.

● ಅಮೆರಿಕದ ಮಿಸೌರಿ ರಾಜ್ಯದವರು ಕಣ್ಣಾರೆ ಕಂಡದ್ದನ್ನಷ್ಟೇ ನಂಬುವವರೆಂದು ಪ್ರತೀತಿ. ಅಲ್ಲಿನ ಸಂಸದ ವಿಲ್ಲರ್ಡ್ ವ್ಯಾಂಡಿವರ್ 1899ರ ಭಾಷಣದಲ್ಲಿ ಹೇಳಿದ 'ಶೋ ಮಿ' ಜನಪ್ರಿಯವಾಯಿತು. ಮುಂದೆ ಆ ರಾಜ್ಯದ ವಾಹನಗಳ ನಂಬರ್ ಪ್ಲೇಟಿನಲ್ಲೂ ಅದೇ ಬಿರುದು ಕಾಣಿಸಿಕೊಂಡಿತು.

● 'ಮೂಟ್ ಪಾಯಿಂಟ್' ಬಳಸುವಾಗ ಎಚ್ಚರ! ಬ್ರಿಟನ್ನಿನಲ್ಲಿ ಅದು ಚರ್ಚೆಗೆ ಅವಕಾಶವಿರುವ ವಿಷಯ, ಅಮೆರಿಕದಲ್ಲಿ ಚರ್ಚಿಸಿ ಪ್ರಯೋಜನವಿಲ್ಲದ ವಿಷಯ. ನಮ್ಮ ಕಾನೂನು ಕಾಲೇಜುಗಳ 'ಮೂಟ್ ಕೋರ್ಟ್' ಉಳಿಸಿಕೊಂಡಿರುವುದು ಮೊದಲ ಅರ್ಥವನ್ನು.

ಯಾವುದನ್ನು ಬಳಸಬೇಕೆಂದು ಅನುಮಾನವೇ? 'ಆಧಾರ ಏನು?' ಎಂದು ಕನ್ನಡದಲ್ಲೇ ಕೇಳಿಬಿಡಿ.